ಕನ್ನಡಿ ಸಾವಕಾರರ ಚಹಾ

ಜತ್ತಿನ ಪೇಟೆಯಲ್ಲಿ ಈಗ ಯಾವ ಅಂಗಡಿ ಹೊಕ್ಕರೂ ಮೂಲೆಗೊಂದು ಕ್ಯಾಮೆರಾ. ಮೊನ್ನೆ ನನ್ನ ಹಳೆಯ ಪರಿಚಯದ ಬಟ್ಟೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾಗ ಕನ್ನಡಿ ಸಾವಕಾರರ ಮೊಮ್ಮಗ "ಬರ್ರಿ ಅಜ್ಜಾ, ಕುಂದ್ರಿ" ಎಂದು ಕರೆದು, ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ ಟಿವಿ ತೋರಿಸಿದ. ಅಂಗಡಿಯ ನಾಲ್ಕು ಮೂಲೆಗಳೂ ಅದರಲ್ಲಿ ಚೌಕಚೌಕವಾಗಿ ಕಾಣುತ್ತಿದ್ದವು.

"ಕ್ಯಾಮೆರಾ ನೋಡತದರಿ, ನೋಡಿದ್ದು ವೈರಿನ್ಯಾಗ ಹಾದು ಈ ಡಬ್ಬಿಗಿ ಬರತದ. ಡಬ್ಬಿ ಎಲ್ಲಾ ಇಟಗೋತದ. ಜಾಗಾ ತುಂಬಿದ ಮ್ಯಾಲ ಹಳೇದು ಅಳಿಸಿ ಹೊಸಾದು ಬರಕೋತದ" ಎಂದ.

"ಅಂದ್ರ ನಿನ್ನಿ ಆದದ್ದು ಇವತ್ತ ನೋಡಬಹುದೇನು?"

"ಯಾವ ಹೊತ್ತಿಂದು ಬೇಕು ಹೇಳ್ರಿ."

ಗುಂಡಿ ಒತ್ತಿ ನಿನ್ನೆಯ ಹೆಂಗಸರನ್ನು ಮತ್ತೆ ತಂದು ಕೂರಿಸಿದ. ಅವರು ಸೀರೆ ಬಿಚ್ಚಿ ನೋಡಿದರು, ಮಡಿಸಿದರು. ಯಾರ ಕೈ ಯಾವುದು ಎಂದು ತಿಳಿಯಬಹುದೇ ಎಂದು ಕೇಳಿದೆ. ದೊಡ್ಡದು ಮಾಡಿ ತೋರಿಸಿದ. ಒಬ್ಬಾಕೆಯ ಹಸಿರು ಬಳೆ ಎಣಿಸುವಷ್ಟು ಸ್ಪಷ್ಟವಿತ್ತು. ನನಗೆ ಅಲ್ಲಿ ಕೂರಲು ಆಗಲಿಲ್ಲ, ಎದ್ದೆ.

"ನಿಮ್ಮಜ್ಜನ ಕಾಲದಾಗ ಇದು ಇರಬೇಕಿತ್ತಪಾ" ಎಂದೆ.

"ಹೌದ್ರಿ, ನಮ್ಮಜ್ಜಾರು ಭಾಳ ಹುಷಾರ ಇದ್ರಂತ" ಎಂದು ನಕ್ಕ. ಹುಡುಗನಿಗೆ ಏನೂ ಗೊತ್ತಿಲ್ಲ. ನಾನು ಹೊಗಳಿಕೆಗೆ ಆ ಮಾತು ಆಡಿರಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿರುವಾಗ ಆಡೋಣವೆಂದರೆ ಅವರು ದೊಡ್ಡವರು. ಹಾಗಾದರೆ ಯಾವಾಗ ಆಡಬೇಕು? ಹೆಸರು ಬರೆಯುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅಷ್ಟು ಮರ್ಯಾದೆ ನನಗೂ ಗೊತ್ತು. ಅರವತ್ತು ಎಪ್ಪತ್ತರ ದಶಕದಲ್ಲಿ ಜತ್ತಿನ ಸಂತೆಗೆ ಬಂದವರಿಗೆ ‘ಕನ್ನಡಿ ಸಾವಕಾರ’ ಎಂದರೆ ಸಾಕಿತ್ತು. ಅವರ ಅಂಗಡಿಯ ಕಟ್ಟೆಯ ಮೇಲೆ ನನ್ನ ಹೊಲಿಗೆ ಮಷಿನ್ ಇತ್ತು. ಒಳಗೆ ಅರಿವೆ ಕೊಂಡವರು ಹೊರಗೆ ನನ್ನ ಹತ್ತಿರ ಅಳತೆ ಕೊಟ್ಟು ಹೋಗುತ್ತಿದ್ದರು. ನನ್ನ ಬೆನ್ನಿಗೆ ಅವರ ಗಾದಿ, ನಡುವೆ ಒಂದು ಹಲಗೆ ಅಷ್ಟೆ. ಹೀಗಾಗಿ ಅವರ ಕೆಮ್ಮಿನಿಂದ ಹಿಡಿದು ಲೆಕ್ಕದ ಗೊಣಗಾಟದವರೆಗೆ ಎಲ್ಲವೂ ನನಗೆ ಕೇಳುತ್ತಿತ್ತು.

ಹಣೆಗೆ ಅಚ್ಚುಕಟ್ಟಾದ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಅಡಕೊತ್ತು. ಲೋಡಿನ ದಿಂಬಿಗೆ ಒರಗಿ ಅಡಿಕೆ ಕತ್ತರಿಸುತ್ತ ಕೂತರೆ ಮಧ್ಯಾಹ್ನದ ಊಟದವರೆಗೆ ಕತ್ತು ಅತ್ತಿತ್ತ ತಿರುಗುತ್ತಿರಲಿಲ್ಲ. ಹೊಸಬರು ಇವರಿಗೆ ಕತ್ತು ಹಿಡಿದಿದೆ ಎಂದುಕೊಳ್ಳಬೇಕು. ಅವರ ಕಣ್ಣು ಎದುರಿನ ಗೋಡೆಯ ಕನ್ನಡಿಯ ಮೇಲೆ ಇರುತ್ತಿತ್ತು. ವಿಜಾಪುರದಲ್ಲಿ ಮುಚ್ಚಿಹೋದ ಒಂದು ಚಹಾದ ಹೋಟೆಲಿನಿಂದ ತಂದ ಆಳೆತ್ತರದ ಕನ್ನಡಿ ಅದು. ಮೂಲೆಯಲ್ಲಿ ಗುಲಾಬಿ ಹೂವಿನ ಚಿತ್ರವಿತ್ತು. ಹಗ್ಗ ಕಟ್ಟಿ, ಹಿಂದೆ ಕಟ್ಟಿಗೆಯ ಬೆಣೆ ಕೊಟ್ಟು, ಇಡೀ ಅಂಗಡಿ ಕಾಣುವಂತೆ ಮುಂದಕ್ಕೆ ಬಾಗಿಸಿದ್ದರು.

"ಗಿರಾಕಿ ಮ್ಯಾಲ ಕಣ್ಣ ಇಟ್ರ ಗಿರಾಕಿ ಹೋಗತಾನ. ಕನ್ನಡಿ ಮ್ಯಾಲ ಇಟ್ರ ಗಿರಾಕೀನೂ ಉಳೀತಾನ, ಅರಿವೀನೂ ಉಳೀತಾವ ಮಾಸ್ತರ" ಎನ್ನುತ್ತಿದ್ದರು. ನನ್ನಂಥ ಸಿಂಪಿಗನನ್ನೂ ಅವರು ಮಾಸ್ತರ ಎಂದೇ ಕರೆಯುತ್ತಿದ್ದರು. ಮಾತು ಯಾವಾಗಲೂ ಮೃದು.

ಅಮಾವಾಸ್ಯೆಗೆ ಅಂಗಡಿ ರಜೆ. ಆ ದಿನ ಕನ್ನಡಿಯ ಪರೀಕ್ಷೆ ನಡೆಯುತ್ತಿತ್ತು. ಅಂಗಡಿಯ ಆಳು ಸಿದ್ರಾಮ ಒಂದೊಂದೇ ಜಾಗದಲ್ಲಿ ಕೂರಬೇಕು. ಇವರು ಗಾದಿಯ ಮೇಲಿಂದ, "ಮೂಗ ಮುಟಗೊ... ಈಗ ಕಿವಿ... ಹಾಂ, ಕಿಸೆದಾಗ ಕೈ ಹಾಕೊ" ಎಂದು ಕೂಗಬೇಕು. ಕಂಡರೆ ಸರಿ. ಕಾಣದಿದ್ದರೆ ಬೆಣೆ ಬಡಿಯಬೇಕು. ಸಿದ್ರಾಮ ನನ್ನ ಮುಂದೆ ಬಂದು, "ನನ್ನ ಹೇಂತೀನೂ ನನ್ನ ಇಷ್ಟು ನೋಡಿಲ್ಲ ಮಾಸ್ತರ" ಎಂದು ನಗಿಸುತ್ತಿದ್ದ.

ಕನ್ನಡಿ ಕಂಡರೂ ಹೇಳುವುದು ಹೇಗೆ? ಅದಕ್ಕೂ ಒಂದು ಪದ್ಧತಿ ಮಾಡಿದ್ದರು. ಅಳತೆಯ ಗಜಕಡ್ಡಿಯ ತುದಿಯನ್ನು ಯಾವುದೋ ಕಪಾಟಿನ ಕಡೆ ತಿರುಗಿಸಿ, ಅದರಿಂದ ಹಲಗೆಗೆ ಒಂದು ಪೆಟ್ಟು ಹಾಕಿದರೆ, ಅಲ್ಲಿ ಕೂತವರಲ್ಲಿ ಬಲಗಡೆಯವರು. ಎರಡು ಬಿದ್ದರೆ ಎಡಗಡೆಯವರು. ಕನ್ನಡಿಯಲ್ಲಿ ಬಲಗಡೆಯವರು ಎಡಕ್ಕೂ ಎಡಗಡೆಯವರು ಬಲಕ್ಕೂ ಕಾಣುತ್ತಾರಲ್ಲ, ಅದನ್ನು ತಿರುವಿ ಬಡಿಯುವುದು ಅವರಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಪೆಟ್ಟು ಕೇಳಿದೊಡನೆ ಸಿದ್ರಾಮ ಆ ಗಿರಾಕಿಯ ಹತ್ತಿರ ಹೋಗಿ ಬಗ್ಗಿ, "ಸಾವಕಾರ್ರು ಚಾ ಕುಡದು ಹೋಗ್ರಿ ಅಂದಾರ" ಎನ್ನುತ್ತಿದ್ದ. ಹಿಂದಿನ ಕೋಣೆಯಲ್ಲಿ ಗಂಡಸರಾದರೆ ಸಿದ್ರಾಮನೇ, ಹೆಂಗಸರಾದರೆ ಸಾವಕಾರರ ಮುದಿ ಅತ್ತೆ, ಬಚ್ಚಿಟ್ಟದ್ದನ್ನು ಸದ್ದಿಲ್ಲದೆ ತೆಗೆದಿಟ್ಟುಕೊಂಡು ನಿಜವಾಗಿಯೂ ಚಹಾ ಕುಡಿಸಿ ಕಳಿಸುತ್ತಿದ್ದರು. ಬೈಗುಳವಿಲ್ಲ, ಹೊಡೆತವಿಲ್ಲ, ಪೊಲೀಸರಿಲ್ಲ.

ಈ ಉಪಾಯ ಯಾಕೆಂದು ಒಮ್ಮೆ ಅವರೇ ಹೇಳಿದ್ದರು. "ನಮ್ಮಪ್ಪ ಒಬ್ಬಾಕಿನ್ನ ಪ್ಯಾಟ್ಯಾಗ ನಿಂದರಿಸಿ ಸೆರಗ ಝಾಡಿಸಿದ್ದ. ಒಂದು ಟಾವೆಲ್ ಬಿತ್ತು. ಆಕಿ ಮುಖಾ ನಾ ಇನ್ನೂ ಮರತಿಲ್ಲ. ನನ್ನ ಅಂಗಡ್ಯಾಗ ಹಂಗ ಆಗಬಾರ್ದು." ಅದನ್ನು ಕೇಳಿ ನಾನು ಆ ದಿನ ಅವರನ್ನು ದೇವರೆಂದುಕೊಂಡಿದ್ದೆ. ಒಳ್ಳೆಯವರಲ್ಲ ಎಂದು ಈಗಲೂ ಹೇಳಲಾರೆ. ನನ್ನ ಕಟ್ಟೆಗೆ ಬಾಡಿಗೆ ಕೇಳಿದವರಲ್ಲ. ನನ್ನ ಮದುವೆಗೆ ಮಷಿನಿಗೆ ಹೊಸ ಪಟ್ಟಾ ಹಾಕಿಸಿಕೊಟ್ಟಿದ್ದರು.

ಆದರೆ ಊರು ಕುರುಡಲ್ಲ. ಆ ಚಹಾದ ಅರ್ಥ ಪೇಟೆಗೆಲ್ಲ ತಿಳಿಯಲು ಎಷ್ಟು ದಿನ ಬೇಕು? ಕರೆ ಬಂದರೆ ಗಿರಾಕಿಗಳೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪಾಪ, ಏನೂ ಮಾಡದವರೂ ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಜಗಳವಾಡಿದರೂ, "ಹೋಗು, ಕನ್ನಡಿ ಸಾವಕಾರನ ಚಾ ಕುಡಿ ಹೋಗು" ಎನ್ನುವ ಮಾತು ಹುಟ್ಟಿಕೊಂಡಿತು. ಪೇಟೆಯ ಜನ ಆ ಅಂಗಡಿಯಲ್ಲಿ ನೀರು ಕೇಳಿ ಕುಡಿಯುತ್ತಿದ್ದರೇ ಹೊರತು ಚಹಾ ಎನ್ನುತ್ತಿರಲಿಲ್ಲ.

ಕನ್ನಡಿಗೆ ಎಲ್ಲರೂ ಒಂದೇ. ಗಜಕಡ್ಡಿಗೆ ಹಾಗಲ್ಲ. ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಬಂದಿದ್ದರು. ಸಾವಕಾರರು ಮರಾಠಿಯಲ್ಲಿ "ಯಾ, ಯಾ, ಬಸಾ" ಎಂದು ತಾವೇ ಎದ್ದು ಕೂರಿಸಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಗಜಕಡ್ಡಿ ಎತ್ತಿದ ಸಪ್ಪಳವಾಯಿತು. ಪೆಟ್ಟು ಬೀಳಲಿಲ್ಲ. ಮೆಲ್ಲಗೆ ಕೆಳಗಿಟ್ಟರು. ಆಕೆ ಹೋದ ಮೇಲೆ ಸಿದ್ರಾಮ ಏನೋ ಕೇಳಲು ಬಂದ. "ದೊಡ್ಡವರ ಮನೀದು ಬಿಡೊ" ಎಂದರು. ಅಡಿಕೆ ಕತ್ತರಿಸುವ ಸದ್ದು ಮತ್ತೆ ಸುರುವಾಯಿತು. ಅಂದೇ ನಾನು ಎಚ್ಚರಗೊಳ್ಳಬೇಕಿತ್ತೋ ಏನೋ, ಆದರೆ ಬಡವನ ಸಿಟ್ಟು ದವಡೆಗೆ ಮೂಲ ಎಂದುಕೊಂಡು ನಾನು ಮಷಿನ್ ತುಳಿದೆ.

ಅಂಗಡಿಯಲ್ಲೊಂದು ದಪ್ಪ ಕಂಬವಿತ್ತು. ಅದರ ಹಿಂದೆ ಕುಪ್ಪಸದ ಖಣಗಳ ಕಪಾಟು. ದೊಡ್ಡ ಕನ್ನಡಿಗೆ ಆ ಮೂಲೆ ಮಾತ್ರ ಕಾಣುತ್ತಿರಲಿಲ್ಲ. ಸಾವಕಾರರಿಗೆ ಅದು ಹಲ್ಲಿನಲ್ಲಿ ಸಿಕ್ಕ ನಾರು. ಒಂದು ಶ್ರಾವಣಕ್ಕೆ ಮುಂಚೆ ಹಳೆಯ ಕಪಾಟಿನ ಬಾಗಿಲ ಕನ್ನಡಿ ಬಿಚ್ಚಿ ಪಕ್ಕದ ಗೋಡೆಗೆ ಹಾಕಿಸಿದರು. ಕಂಬದ ಹಿಂದಿನದು ಸಣ್ಣ ಕನ್ನಡಿಗೆ ಬಿದ್ದು, ಅಲ್ಲಿಂದ ದೊಡ್ಡ ಕನ್ನಡಿಗೆ ಹಾರಿ, ಅವರ ಕಣ್ಣಿಗೆ ಬರುತ್ತಿತ್ತು. "ಇನ್ನ ಸೂಜಿ ಬಿದ್ರೂ ಕಾಣತದ ಮಾಸ್ತರ" ಎಂದು ನನಗೆ ತೋರಿಸಿ ಹಿಗ್ಗಿದರು. ಅವಸರಕ್ಕೋ ಹಿಗ್ಗಿಗೋ, ಆ ಅಮಾವಾಸ್ಯೆ ಸಿದ್ರಾಮನನ್ನು ಕೂರಿಸಿ ಪರೀಕ್ಷೆ ಮಾಡಲಿಲ್ಲ.

ನಾಗರಪಂಚಮಿಗೆ ನನ್ನ ಅಕ್ಕ ನೀಲವ್ವ ತಿಕೋಂಡಿಯಿಂದ ತವರಿಗೆ ಬಂದಳು. ನಮ್ಮವ್ವ ಸತ್ತ ಮೇಲೆ ನನಗೆ ಅವಳೇ ತಾಯಿ. ಅತ್ತೆಗೊಂದು, ನಾದಿನಿಗೊಂದು ಖಣ ಒಯ್ಯಬೇಕೆಂದು ಅಂಗಡಿಗೆ ಬಂದಳು. "ನೀ ಹೊಲಿ, ನಾ ಆರಿಸ್ಕೊಂಡು ಬರತೀನಿ" ಎಂದು ಒಳಗೆ ಹೋಗಿ ಕಂಬದ ಹಿಂದೆ ಕೂತಳು. ಅವಳ ಪಕ್ಕದಲ್ಲಿ ಯಾರೋ ಇನ್ನೊಬ್ಬಾಕೆ. ಇಬ್ಬರದೂ ಹಸಿರು ಇಳಕಲ್ ಸೀರೆ, ಇಬ್ಬರ ತಲೆಯ ಮೇಲೂ ಕೆಂಪು ಸೆರಗು. ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಬೆನ್ನು ಮಾತ್ರ.

ಹಲಗೆಗೆ ಎರಡು ಪೆಟ್ಟು ಬಿದ್ದವು. ಎಡಗಡೆಯಾಕೆ.

ಸಿದ್ರಾಮ ಹೋದವನು ಹಿಂದಕ್ಕೆ ಬಂದ. ಅವನಿಗೆ ನನ್ನ ಅಕ್ಕ ಗೊತ್ತಿದ್ದಳು. "ಸಾವಕಾರ್ರ..." ಎಂದ. ಮತ್ತೆ ಎರಡು ಪೆಟ್ಟು, ಈ ಸಲ ಜೋರಾಗಿ. ನಾನು ಮಷಿನ್ ನಿಲ್ಲಿಸಿ ತಿರುಗಿ ನೋಡಿದೆ. ಸಿದ್ರಾಮ ಬಗ್ಗಿ, "ಅಕ್ಕಾರ, ಸಾವಕಾರ್ರು ಚಾ ಕುಡದು ಹೋಗ್ರಿ ಅಂದಾರ" ಎನ್ನುತ್ತಿದ್ದ.

ತಿಕೋಂಡಿಯವಳಿಗೆ ಜತ್ತಿನ ಪೇಟೆಯ ಈ ಚಹಾ ಏನು ಗೊತ್ತು? ತಮ್ಮ ಇದೇ ಕಟ್ಟೆಯ ಮೇಲೆ ದುಡಿಯುವವ, ಅವನ ಅಕ್ಕ ಎಂದು ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡಳು. ಮುಖವೆಲ್ಲ ನಗು. "ಅಯ್ಯ, ನನಗ್ಯಾಕ್ರಿ ಇಷ್ಟೆಲ್ಲಾ! ಆಗಲಿ, ಸಾವಕಾರ್ರು ಕರದ ಮ್ಯಾಲ ಒಲ್ಲೆ ಅನಬಾರ್ದು" ಎಂದು ಎದ್ದಳು. ಅಂಗಡಿ ತುಂಬ ಹೆಂಗಸರು, ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಅವರೆಲ್ಲರಿಗೂ ನಗುತ್ತ, ನನ್ನ ಕಡೆ ನೋಡಿ ತಲೆ ಆಡಿಸಿ, ಒಳಗೆ ಹೋದಳು. ನಾನು ಒಳಗೆ ಓಡುವಷ್ಟರಲ್ಲಿ ಕೋಣೆಯ ಬಾಗಿಲು ಹಾಕಿಕೊಂಡಿತ್ತು.

ಬಾಗಿಲು ತೆರೆದಾಗ ಅಕ್ಕನ ಸೆರಗು ತಲೆಯ ಮೇಲಿರಲಿಲ್ಲ. ಸಾವಕಾರರ ಮುದಿ ಅತ್ತೆ, "ಏನೂ ಇಲ್ಲಪಾ ಈಕಿ ಕಡೆ" ಎಂದಳು. ಕಂಬದ ಹಿಂದಿನ ಇನ್ನೊಬ್ಬಾಕೆ ಅಷ್ಟರಲ್ಲಿ ಎದ್ದು ಹೋಗಿದ್ದಳು. ಒಂದು ಖಣವೂ ಹೋಗಿತ್ತು.

"ಸಾವಕಾರ್ರ, ಈಕಿ ನಮ್ಮಕ್ಕ" ಎಂದೆ.

"ಗೊತ್ತಾತು ಮಾಸ್ತರ. ನಾ ಏನ ಮಾಡ್ಲಿ, ಕಣ್ಣಾರೆ ಕಂಡೀನಿ."

"ಕಂಡಿದ್ರ ಖಣ ಎಲ್ಲಿ?"

"ದಾಟಿಸಿರಬೇಕು" ಎಂದರು. ಕತ್ತು ತಿರುಗಿಸಲಿಲ್ಲ. ಕನ್ನಡಿಯಲ್ಲಿದ್ದ ನನ್ನನ್ನು ನೋಡಿ ಮಾತಾಡಿದರು. "ಹೋಗ್ಲಿ ಬಿಡ್ರಿ, ನಾ ಏನ ಅಂದೀನಿ? ಒಂದು ಮಾತು ಬೈದೀನೇನು?"

ಅದೇ ನೋಡಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಡೆದಿದ್ದರೆ ನಾಲ್ಕು ಜನರನ್ನು ಸೇರಿಸಬಹುದಿತ್ತು. ಚಹಾ ಕುಡಿಸಿದವರ ಮೇಲೆ ಯಾರ ಹತ್ತಿರ ದೂರು ಒಯ್ಯುವುದು? ಇವತ್ತಿನ ಡಬ್ಬಿಯ ಹಾಗೆ ತಿರುಗಿಸಿ ತೋರಿಸಲು ಕನ್ನಡಿಯ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಸಾವಕಾರರು ಕಂಡೆ ಎಂದರೆ ಕಂಡ ಹಾಗೆ. ನಾನು ಅಂದೇ ಮಷಿನ್ ಹೊತ್ತು ರಸ್ತೆಯ ಆಚೆ ಕಬ್ಬಿಣದ ಅಂಗಡಿಯ ಕಟ್ಟೆಗೆ ಹೋದೆ. ಸಾವಕಾರರು ಬೇಡ ಎನ್ನಲಿಲ್ಲ.

ಮುಂದಿನ ಅಮಾವಾಸ್ಯೆ ಕಳೆದ ಮರುದಿನ ಸಿದ್ರಾಮ ಬಂದು ನನ್ನ ಮಷಿನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಸಾವಕಾರರು ಅವನನ್ನೂ ಮುದಿ ಅತ್ತೆಯನ್ನೂ ಕಂಬದ ಹಿಂದೆ ಕೂರಿಸಿದರಂತೆ. ಒಂದು ಸಲ ಇವನು ಖಣ ಬಚ್ಚಿಟ್ಟುಕೊಳ್ಳಬೇಕು, ಒಂದು ಸಲ ಆಕೆ. ಪ್ರತಿ ಸಲವೂ ಗಜಕಡ್ಡಿಯ ಪೆಟ್ಟು ಬಚ್ಚಿಡದೆ ಕೂತವರನ್ನೇ ತೋರಿಸಿತಂತೆ. ಒಂದು ಕನ್ನಡಿ ಎಡಬಲ ತಿರುವುತ್ತದೆ. ಎರಡನೆಯದು ಅದನ್ನು ಮತ್ತೆ ತಿರುವಿ ಮೊದಲಿನಂತೆ ಮಾಡುತ್ತದೆ. ಇದ್ದದ್ದು ಇದ್ದಂತೆಯೇ ಕಂಡಿತ್ತು, ಇವರು ರೂಢಿಯ ಮೇಲೆ ತಿರುವಿ ಬಡಿದಿದ್ದರು. ಬಲಗಡೆಯಾಕೆ ಕದ್ದಳು, ಎಡಗಡೆ ಕೂತ ನನ್ನ ಅಕ್ಕ ಚಹಾ ಕುಡಿದಳು.

"ಏನಂದ್ರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಆಮ್ಯಾಲ ಕುಂಕುಮ ತರಿಸಿ ಸಣ್ಣ ಕನ್ನಡಿಗಿ ದೊಡ್ಡದೊಂದು ಬೊಟ್ಟ ಹಚ್ಚಿದ್ರು. ‘ಬೊಟ್ಟಿನ ಕನ್ನಡ್ಯಾಗ ಕಂಡದ್ದು ತಿರುವೂದಿಲ್ಲ, ನೆನಪಿಡು’ ಅಂದ್ರು. ಹಂಗಾದ್ರ ನೀಲವ್ವಕ್ಕಂದು ಅಂತ ನಾ ಬಾಯಿ ತಗದೆ. ‘ಲಗೂನ ಬಾಗಲಾ ಹಾಕು, ಹೊತ್ತಾತು’ ಅಂದ್ರು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತಪ್ಪು ತಮ್ಮದೆಂದು ಅವರಿಗೆ ಗೊತ್ತಾಯಿತು. ಕನ್ನಡಿಯನ್ನು ತಿದ್ದಿದರು, ಅಷ್ಟಕ್ಕೇ ನಿಲ್ಲಿಸಿದರು. ಆ ಕೆಂಪು ಬೊಟ್ಟು ರಸ್ತೆಯ ಆಚೆಯಿಂದ ನನಗೆ ದಿನಾ ಕಾಣುತ್ತಿತ್ತು. ಇವತ್ತು ಕರೆಯುತ್ತಾರೆ, ನಾಳೆ ಬರುತ್ತಾರೆ ಎಂದು ಕಾದೆ. ನಾಲ್ಕು ಜನರ ಮುಂದೆ ‘ತಪ್ಪಾತು’ ಎಂಬ ಒಂದು ಮಾತು ಸಾಕಿತ್ತು. ಅಂಥ ಮೃದು ಬಾಯಿಂದ ಅದೊಂದು ಮಾತು ಹೊರಡಲಿಲ್ಲ. ಒಂದು ತಪ್ಪು ಒಪ್ಪಿಕೊಂಡರೆ ಹಿಂದೆ ಚಹಾ ಕುಡಿದವರೆಲ್ಲ ಎದ್ದು ಬಂದು ಕೇಳುತ್ತಾರೆ ಎಂಬ ಹೆದರಿಕೆ ಇರಬೇಕು. ಕಳ್ಳರಿಗಿಂತ ಅವರಿಗೆ ಅದರ ಭಯವೇ ಹೆಚ್ಚಾಯಿತು.

ಅಕ್ಕನ ಕಥೆ ಅವಳಿಗಿಂತ ಮೊದಲೇ ತಿಕೋಂಡಿ ಮುಟ್ಟಿತ್ತು. ಅತ್ತೆ ಒಲೆಯ ಮೇಲೆ ಚಹಾ ಇಟ್ಟಾಗಲೆಲ್ಲ, "ನಮ್ಮ ಚಾ ರುಚಿ ಹತ್ತತದೇನವಾ ನಿನಗ, ಜತ್ತಿನ ಚಾ ಕುಡದಾಕಿ" ಎನ್ನುವಳಂತೆ. ಹಬ್ಬದ ಮನೆಗಳಲ್ಲಿ ಇವಳು ಬಂದರೆ ಹೆಂಗಸರು ಟ್ರಂಕಿನ ಕೀಲಿ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. ಅಕ್ಕ ಚಹಾ ಬಿಟ್ಟಳು. ಜ್ವರ ಬಂದಾಗ ಕೂಡ ಕುಡಿಯಲಿಲ್ಲ.

ಮರುವರ್ಷದ ಪಂಚಮಿಗೆ ಸಾವಕಾರರು ಸಿದ್ರಾಮನ ಕೈಯಲ್ಲಿ ನಮ್ಮ ಮನೆಗೆ ಒಂದು ಸೀರೆ, ಮೇಲೊಂದು ಖಣ ಕಳಿಸಿದರು. ಒಳ್ಳೆಯ ಸೀರೆ, ಅಂಗಡಿಯಲ್ಲೇ ಮೇಲಿನದು. ಅಕ್ಕ ಮುಟ್ಟಿ ನೋಡಲಿಲ್ಲ. "ಸಿದ್ರಾಮಣ್ಣ, ಸೀರಿ ಒಯ್ದು ಕೊಡು. ನನಗ ಸೀರಿ ಬ್ಯಾಡ, ಮಾತು ಕಳಸ್ರಿ ಅಂತ ಹೇಳು" ಎಂದಳು. ಸೀರೆ ಹಿಂದಕ್ಕೆ ಹೋಯಿತು. ಮಾತು ಬರಲಿಲ್ಲ. ಆಮೇಲೆ ಪೇಟೆಯಲ್ಲಿ, "ನಾ ಕೊಟ್ರೂ ಸಿಂಪಿಗರಿಗಿ ಸೊಕ್ಕು" ಎಂದು ಅವರು ಆಡಿಕೊಂಡದ್ದು ನನ್ನ ಕಿವಿಗೆ ಬಂತು.

ಎಪ್ಪತ್ತರ ದಶಕದ ಕೊನೆಗೆ, ಅದೂ ಶ್ರಾವಣದಲ್ಲೇ, ಸಾವಕಾರರು ತೀರಿಕೊಂಡರು. ಅಕ್ಕ ಹಬ್ಬಕ್ಕೆಂದು ನಮ್ಮಲ್ಲೇ ಇದ್ದಳು. ನಮ್ಮದೂ ಅವರದೂ ಒಂದೇ ಓಣಿ. ಸತ್ತವರ ಮನೆಯಲ್ಲಿ ಆ ದಿನ ಒಲೆ ಹೊತ್ತಿಸುವುದಿಲ್ಲ. ಮಣ್ಣು ಕೊಟ್ಟು ಬಂದವರಿಗೆ ಓಣಿಯವರೇ ಚಹಾ, ರೊಟ್ಟಿ ಒಯ್ಯಬೇಕು. ನನ್ನ ಹೆಂಡತಿ ಏನು ಮಾಡಲಿ ಎಂದು ನನ್ನ ಮುಖ ನೋಡಿದಳು. ಯಾರಾದರೂ ಒಯ್ಯಲಿ ಬಿಡು ಎಂದೆ.

"ಚಾ ನಾ ಒಯ್ಯತೀನಿ" ಎಂದಳು ಅಕ್ಕ.

ತಾನೇ ಒಲೆ ಊದಿ, ಹಾಲು ಬೆಲ್ಲ ಹಾಕಿ ದೊಡ್ಡ ಕೆಟ್ಲಿ ತುಂಬ ಚಹಾ ಮಾಡಿದಳು. ನಾನು ಬಟ್ಟಲಿನ ಬುಟ್ಟಿ ಹಿಡಿದು ಹಿಂದೆ ಹೋದೆ. ಪಡಸಾಲೆಯಲ್ಲಿ ಪೇಟೆಯ ಜನವೆಲ್ಲ ಕೂತಿದ್ದರು. ಅವಳನ್ನು ಕಂಡು ಸರಿದು ದಾರಿ ಬಿಟ್ಟರು. ಅಕ್ಕ ಬಟ್ಟಲಿಗೆ ಚಹಾ ಹಾಕಿ ಮೊದಲು ಸಾವಕಾರರ ಹೆಂಡತಿಯ ಮುಂದೆ ಹಿಡಿದಳು. ಆಕೆ ಕೈ ಮುಂದೆ ಮಾಡಲಿಲ್ಲ.

"ಕುಡೀರಿ ವೈನಿ" ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. "ಇದು ನಮ್ಮ ಮನಿ ಚಾ. ಕುಡದವರು ಯಾರೂ ಕಳ್ರ ಆಗೂದಿಲ್ಲ."

ಆಕೆ ತಲೆ ಎತ್ತಿ ಅಕ್ಕನನ್ನು ನೋಡಿದಳು. ಆಕೆಗೂ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡು ಕುಡಿದಳು. ಆಮೇಲೆ ಮಗ ಕುಡಿದ, ಬಂದವರೆಲ್ಲ ಕುಡಿದರು.

ಮನೆಗೆ ಬಂದು ಅಕ್ಕ ಬಟ್ಟಲು ತೊಳೆಯಲು ಕೂತಳು. ಕೆಟ್ಲಿಯ ತಳದಲ್ಲಿ ಸ್ವಲ್ಪ ಚಹಾ ಉಳಿದಿತ್ತು. ಊರೆಲ್ಲ ಇವಳ ಕೈಯ ಚಹಾ ಕುಡಿದಿದೆ, ಇನ್ನಾದರೂ ಹಟ ಬಿಡಲಿ ಎಂದು ನಾನು ಅದನ್ನು ಒಂದು ಬಟ್ಟಲಿಗೆ ಬಗ್ಗಿಸಿ ಅವಳ ಮುಂದೆ ಹಿಡಿದೆ.

"ಬ್ಯಾಡೊ ತಮ್ಮಾ" ಎಂದಳು. "ತಪ್ಪಾತು ಅನ್ನಬೇಕಾದಾಂವ ಅನ್ನಲಾರದ ಹ್ವಾದ. ಇನ್ನ ಯಾರ ಅಂದ್ರ ನನಗ ಚಾ ಇಳೀತದ?"

ಬಟ್ಟಲು ತೆಗೆದುಕೊಂಡು, ಬಚ್ಚಲಿಗೆ ಚೆಲ್ಲಿ, ಅದನ್ನೂ ತೊಳೆದಿಟ್ಟಳು.